ಕಡಲು ದಾಟುವ ಮುನ್ನ

ಪರದೇಶ ಪ್ರಯಾಣವೆಂಬುದು ನಮ್ಮ ಕಾಸರಗೋಡು ಸೀಮೆಯಲ್ಲಿ ಹುಬ್ಬೇರಿಸಬೇಕಾದ ಸಂಗತಿಯಾಗಿ ಉಳಿದು ಎಷ್ಟೋ ಕಾಲವಾಯಿತು. ಮನೆಗೊಬ್ಬರಲ್ಲದಿದ್ದರೂ ಓಣಿಗೊಬ್ಬರಾದರೂ ಕೊಲ್ಲಿನಾಡುಗಳಲ್ಲಿ ಇದ್ದೇ ಇರುತ್ತಾರೆ. ಹೀಗಿರುವಲ್ಲಿ 63 ವರ್ಷ ವಯಸ್ಸಿನ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬಳು ಮಂಗಳೂರಿನಿಂದ ದುಬಾಯಿಗೆ ಮೂರೂವರೆ ಗಂಟೆಯ ಹೊತ್ತು ವಿಮಾನದಲ್ಲಿ ಕುಳಿತು ಹೋದದ್ದನ್ನು ಲೇಖನವಾಗಿಸುವುದು ಉಚಿತವೇ ಎಂಬ ಶಂಕೆ ನನ್ನನ್ನೂ ಕಾಡದಿಲ್ಲ. ಆದರೆ ನಮ್ಮ ಪ್ರವಾಸ ಕಥನಗಳು ಸಾಮಾನ್ಯವಾಗಿ ಹಡಗನ್ನೋ ವಿಮಾನವನ್ನೋ ಏರಿದ ಮೇಲೆಯೇ ಆರಂಭವಾಗುತ್ತವೆ. ಏರುವುದಕ್ಕೆ ಮೊದಲಿನ ನಿದ್ದೆಗೆಟ್ಟ ರಾತ್ರಿಗಳನ್ನು, ಹತ್ತು ಸಲ ಬಿಚ್ಚಿ ಹತ್ತು ಸಲ ಕಟ್ಟಿದ ಗಂಟುಮೂಟೆಗಳನ್ನು, ಯಾರಿಗೂ ಹೇಳಲಾರದ ಅಳುಕನ್ನು ಬರೆದವರು ಕಡಮೆ. ನನ್ನಂತೆ ಮೊದಲ ಬಾರಿಗೆ, ಅದೂ ಒಬ್ಬಳೇ, ಹೊರಡಲಿರುವ ಸೋದರಿಯರು ಈ ಪತ್ರಿಕೆಯ ಓದುಗರಲ್ಲಿ ಇದ್ದೇ ಇರುವರೆಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಹೋಗಲೇಬೇಕಾದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ದುಬಾಯಿಯಲ್ಲಿರುವ ನನ್ನ ಮಗಳು ಎರಡನೆಯ ಸಲ ಗರ್ಭಿಣಿಯಾಗಿದ್ದಳು. ಮೊದಲನೆಯದು ಏಳನೆಯ ತಿಂಗಳಿನಲ್ಲಿ ಕೈತಪ್ಪಿ ಹೋಗಿತ್ತು. ಆಗ ನಾನು ಇಲ್ಲಿ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ಅವಳು ಅಲ್ಲಿ ಆಸ್ಪತ್ರೆಯಲ್ಲಿದ್ದಳು. ಫೋನಿನಲ್ಲಿ ಅವಳ ಅಳುವನ್ನು ಕೇಳಿದ್ದಲ್ಲದೆ ಒಂದು ಲೋಟ ಗಂಜಿ ಕಾಯಿಸಿ ಕೊಡುವ ಭಾಗ್ಯವೂ ನನಗಿರಲಿಲ್ಲ. ಈ ಸಲ ವೈದ್ಯರು ಅವಳಿಗೆ ಊರಿಗೆ ಹೊರಡುವ ಪ್ರಯಾಣವೇ ಬೇಡವೆಂದರು. ಬಾಣಂತನಕ್ಕೆ ಮಗಳು ತವರಿಗೆ ಬರುವುದು ಲೋಕರೂಢಿ. ಬರಲಾಗದಿದ್ದರೆ ತವರೇ ಅವಳಲ್ಲಿಗೆ ಹೋಗಬೇಕಷ್ಟೆ. ಆ ತವರೆಂದರೆ ಈಗ ನಾನೊಬ್ಬಳೇ.

ಒಬ್ಬಳೇ ಎಂಬ ಮಾತಿಗೆ ಒಂದಿಷ್ಟು ವಿವರಣೆ ಬೇಕು. 2019ರಲ್ಲಿ ನನ್ನ ಯಜಮಾನರು ತಮ್ಮ ಪಾಸ್‌ಪೋರ್ಟನ್ನು ಮಾಡಿಸಿಕೊಂಡಿದ್ದರು. "ನೀನೂ ಅರ್ಜಿ ಹಾಕು, ಇಬ್ಬರೂ ಹೋಗಿ ಬರೋಣ" ಎಂದು ಎಷ್ಟೋ ಸಲ ಹೇಳಿದರು. ಕೊಯ್ಲು ಮುಗಿಯಲಿ, ಮಳೆ ಕಳೆಯಲಿ, ದನ ಕರು ಹಾಕಲಿ ಎಂದು ನಾನು ಮುಂದೂಡುತ್ತ ಬಂದೆ. 2020ರಲ್ಲಿ ಕೊರೊನಾ ಬಂದಿತು. 2021ರಲ್ಲಿ ಅವರು ಹೋದರು. ಅವರ ಪಾಸ್‌ಪೋರ್ಟು ಒಂದೇ ಒಂದು ಮುದ್ರೆಯೂ ಬೀಳದೆ ಕಪಾಟಿನಲ್ಲಿ ಹಾಗೆಯೇ ಇದೆ. ಮನೆಯ ಎಲ್ಲ ಕಾಗದಪತ್ರಗಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ನನಗೆ ಒಂದು ಅರ್ಜಿಯನ್ನು ತುಂಬುವ ಧೈರ್ಯವಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಗಡಿನಾಡಿನವರಾದ ನಮಗೆ ಪಾಸ್‌ಪೋರ್ಟಿನ ಮೊದಲ ತೊಡಕು ಹೆಸರಿನದೇ. ನನ್ನ ಹತ್ತನೆಯ ತರಗತಿಯ ಪುಸ್ತಕದಲ್ಲಿ ಹೆಸರು ಶಾರದಾ ಎಂದಿದೆ, ಮುಂದೊಂದು ಇನಿಷಿಯಲ್ ಸಹಿತ. ಮಲಯಾಳದಲ್ಲಿ ಅಚ್ಚಾದ ರೇಶನ್ ಕಾರ್ಡಿನಲ್ಲಿ ನಾನು ಶಾರದ. ಇನ್ನೊಂದು ಗುರುತಿನ ಚೀಟಿಯಲ್ಲಿ, ಬರೆದುಕೊಂಡವರ ಗೌರವದ ಆಧಿಕ್ಯದಿಂದಲೋ ಏನೋ, ಶಾರದಮ್ಮ! ಇನಿಷಿಯಲ್ಲಾದರೂ ಏನು? ನಮ್ಮಲ್ಲಿ ಕೆಲವರಿಗೆ ಅದು ಮನೆತನದ ಹೆಸರು, ಕೆಲವರಿಗೆ ಊರಿನದು, ಕೆಲವರಿಗೆ ತಂದೆಯದು. ಮದುವೆಯಾದ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ಒಬ್ಬಳೇ ಹೆಂಗಸು ಮೂರು ದಾಖಲೆಗಳಲ್ಲಿ ಮೂವರಾಗಿದ್ದಾಳೆ. ಇದನ್ನು ಸರಿಪಡಿಸಲು ಹೋದ ಒಂದು ಕಚೇರಿಯಲ್ಲಿ, ಮೂರನೆಯ ಸಲ ಹೋದಾಗಲೂ, ಕನ್ನಡದಲ್ಲಿ ಬರೆದ ನನ್ನ ಅರ್ಜಿಯನ್ನು ತಿರುಗಿ ನೋಡದೆ ಮೇಜಿನ ಅಂಚಿಗೆ ಸರಿಸಿದರು. ಕಡೆಗೆ ಮಲಯಾಳದಲ್ಲೇ ಬರೆದುಕೊಟ್ಟೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಾವು ಹೇಳುತ್ತ ಬಂದಿರುವ ದೂರನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಆದರೆ ಆ ಮಲಯಾಳ ಮುಂದೆ ಎಲ್ಲಿ ನನ್ನ ಕೈಹಿಡಿಯಿತೆಂಬುದನ್ನು ಹೇಳದೆ ಬಿಡಲಾರೆ. ಅದು ಕೊನೆಗೆ ಬರುತ್ತದೆ.

ಅರ್ಜಿಯ ಉಳಿದ ಭಾಗ ನಾನು ಹೆದರಿದಷ್ಟು ಕಠಿನವಾಗಿರಲಿಲ್ಲ. ಅಂತರ್ಜಾಲದಲ್ಲಿ ದಿನ ಗೊತ್ತುಮಾಡಿಕೊಳ್ಳುವುದು, ಗೊತ್ತಾದ ದಿನ ಮೂಲ ದಾಖಲೆಗಳೊಡನೆ ಹೋಗಿ ಬೆರಳಚ್ಚು ಮತ್ತು ಭಾವಚಿತ್ರ ಕೊಡುವುದು, ಆಮೇಲೆ ಪೋಲೀಸರ ವಿಚಾರಣೆ. 36 ಪುಟಗಳ ಪುಸ್ತಕಕ್ಕೆ 1500 ರೂಪಾಯಿ ಶುಲ್ಕ. 60 ದಾಟಿದವರಿಗೆ ನೂರಕ್ಕೆ ಹತ್ತರಷ್ಟು ರಿಯಾಯಿತಿಯಿದೆಯೆಂದು ತಿಳಿದಾಗ ಮುಪ್ಪಿಗೂ ಒಂದು ಲಾಭವುಂಟೆಂದು ನಕ್ಕೆ. ವಿಚಾರಣೆಗೆ ಬಂದ ಪೋಲೀಸನು ನನ್ನ ಶಾಲೆಯಲ್ಲಿ ಓದಿದವನೇ. "ಟೀಚರ್, ನಿಮ್ಮ ಮೇಲೆ ಯಾವ ಮೊಕದ್ದಮೆಯೂ ಇಲ್ಲವಷ್ಟೆ?" ಎಂದು ಕೇಳಿ ತಾನೇ ತಲೆ ತಗ್ಗಿಸಿದನು.

ಪಾಸ್‌ಪೋರ್ಟು ಬಂದಿತು. ಅದರಲ್ಲಿ ನನ್ನ ಹೆಸರು ಕೇವಲ ಶಾರದಾ. ಮನೆತನದ ಹೆಸರಿನ ಸ್ಥಳ ಖಾಲಿ. ಚೊಕ್ಕವಾಗಿದೆಯೆಂದು ಸಂತೋಷಪಟ್ಟೆ. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಪ್ರಯಾಣಕ್ಕೆ ಮೂರು ವಾರವಿರುವಾಗ ಸಂಬಂಧಿಕರ ಹುಡುಗನೊಬ್ಬ ಬಂದು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ಸಂದರ್ಶಕ ವೀಸಾದ ಮೇಲೆ ಸಂಯುಕ್ತ ಅರಬ್ ಸಂಸ್ಥಾನಗಳು ಒಳಗೆ ಬಿಡುವುದಿಲ್ಲವೆಂದನು. 2022ರ ನವೆಂಬರಿನಲ್ಲಿ ಅಂತಹ ನಿಯಮ ಬಂದಿರುವುದು ನಿಜವೇ ಆಗಿತ್ತು. ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದು ಅಡ್ಡಹೆಸರಿಲ್ಲದ ಕಾರಣಕ್ಕೆ ಮಗಳ ಹೆರಿಗೆಯ ಹೊತ್ತಿಗೆ ವಿಮಾನ ನಿಲ್ದಾಣದಿಂದ ಹಿಂದಿರುಗಬೇಕಾಗಬಹುದೆಂಬ ಯೋಚನೆ ಎದೆಯ ಮೇಲೆ ರುಬ್ಬುಗಲ್ಲಿನಂತೆ ಕುಳಿತಿತು. ಮೂರನೆಯ ದಿನ ಟಿಕೇಟಿನವರನ್ನು ವಿಚಾರಿಸಿದಾಗ ತಿಳಿದದ್ದೇನೆಂದರೆ, ಪುಸ್ತಕದ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ನಮೂದಾಗಿದ್ದರೆ ಅಡ್ಡಿಯಿಲ್ಲವೆಂದು ಆಮೇಲೆ ಸ್ಪಷ್ಟೀಕರಣವೂ ಬಂದಿತ್ತು. ಕಡೆಯ ಪುಟ ತೆರೆದು ನೋಡಿದೆ. 1987ರಲ್ಲಿ ತೀರಿಕೊಂಡ ನನ್ನ ತಂದೆಯವರ ಹೆಸರು ಅಲ್ಲಿ ಅಚ್ಚಾಗಿತ್ತು. ಪೆರ್ಲದಿಂದ ಮಂಗಳೂರಿಗೆ ಹೋಗುವುದನ್ನೇ ದೂರಪ್ರಯಾಣವೆಂದು ಭಾವಿಸಿದ್ದ ಆ ಮನುಷ್ಯ ಈಗ ನನ್ನನ್ನು ಕಡಲು ದಾಟಿಸುತ್ತಿದ್ದನು. ನನ್ನಂತೆ ಒಂಟಿ ಹೆಸರಿನವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಅರ್ಜಿ ಹಾಕುವಾಗಲೇ ಇನಿಷಿಯಲ್ಲನ್ನು ಬಿಡಿಸಿ ಬರೆಯಿಸಿಕೊಳ್ಳುವುದು ಲೇಸು.

ಅಳುಕು ನನಗೊಬ್ಬಳಿಗೇ ಏಕೆ ಎಂದು ಆ ದಿನಗಳಲ್ಲಿ ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆ. ಮಹಾತ್ಮಾ ಗಾಂಧಿಯವರು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗನ್ನೇರಿದಾಗ ಹತ್ತೊಂಬತ್ತೂ ತುಂಬದ ಹುಡುಗ. ಇಂಗ್ಲಿಷಿನಲ್ಲಿ ಮಾತನಾಡಲು ಸಂಕೋಚ. ಊಟದ ಮೇಜಿನ ಮೇಲಿನ ಯಾವ ಪದಾರ್ಥ ನಿರಾಮಿಷವೆಂದು ಕೇಳಲೂ ಸಂಕೋಚ. ಹೀಗಾಗಿ ಮನೆಯಿಂದ ಒಯ್ದ ಸಿಹಿತಿಂಡಿ, ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಕುಳಿತು ತಿನ್ನುತ್ತಿದ್ದರೆಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಇಳಿಯುವಾಗ ಧರಿಸಲೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿಟ್ಟುಕೊಂಡಿದ್ದರಂತೆ. ಸೆಪ್ಟೆಂಬರ್ ಕೊನೆಯ ಆ ಚಳಿಯಲ್ಲಿ ಬಿಳಿಯುಡುಪು ಧರಿಸಿದವರು ತಾವೊಬ್ಬರೇ ಎಂದು ಕಂಡಾಗ ಆದ ಲಜ್ಜೆಯನ್ನು ಅವರು ಮರೆಮಾಚಿಲ್ಲ. ಇದನ್ನೋದಿ ನನಗೆ ಬಹಳ ಸಮಾಧಾನವಾಯಿತು. ಯಾವ ಸೀರೆಯುಟ್ಟು ಇಳಿಯಬೇಕೆಂಬ ಚಿಂತೆ ನನ್ನನ್ನೂ ಒಂದು ವಾರ ಕಾಡಿತ್ತು.

ಅದಕ್ಕೂ ಐದು ವರ್ಷ ಮೊದಲು, 1883ರ ಏಪ್ರಿಲಿನಲ್ಲಿ, ಆನಂದೀಬಾಯಿ ಜೋಶಿಯವರು ವೈದ್ಯವಿದ್ಯೆ ಕಲಿಯಲು ಕಲ್ಕತ್ತೆಯಿಂದ ಅಮೆರಿಕೆಗೆ ಹೊರಟರು. ವಯಸ್ಸು ಹದಿನೆಂಟು, ಗಂಡ ಜೊತೆಗಿಲ್ಲ, ಮಿಶನರಿ ಮಹಿಳೆಯರ ಸಂಗಡ ಪಯಣ. ಹೊರಡುವ ಮುನ್ನ ಫೆಬ್ರವರಿಯಲ್ಲಿ ಶ್ರೀರಾಮಪುರದ ಕಾಲೇಜಿನ ಸಭೆಯೊಂದರಲ್ಲಿ ನಿಂತು, ತಾನೇಕೆ ಹೋಗುತ್ತಿದ್ದೇನೆ, ಒಬ್ಬಳೇ ಏಕೆ ಹೋಗುತ್ತಿದ್ದೇನೆ ಎಂದು ಸಾರ್ವಜನಿಕವಾಗಿ ವಿವರಿಸಬೇಕಾಯಿತು ಆ ಹುಡುಗಿ. ನಮ್ಮ ಕಡೆಯ ಮಾತನ್ನೇ ತೆಗೆದುಕೊಂಡರೆ, ಮಲಯಾಳ ಸೀಮೆಯ ನಾಯರ್ ಸ್ತ್ರೀಯರು ಚಂದ್ರಗಿರಿ ಹೊಳೆಯನ್ನು ದಾಟಬಾರದೆಂಬ ಕಟ್ಟಳೆಯಿತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರು ದಾಖಲಿಸಿದೆ. ಈಗ ಬಸ್ಸಿನಲ್ಲಿ ಎರಡು ನಿಮಿಷಕ್ಕೆ ದಾಟುವ ಹೊಳೆ ಅದು! ಆದರೆ ಗಡಿಗಳ ವಿಷಯದಲ್ಲಿ ನಗುವಂತಿಲ್ಲ. 2020ರ ಮಾರ್ಚಿನಲ್ಲಿ ನಮ್ಮ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಿಂದಾಚೆ ಮಂಗಳೂರಿನ ಆಸ್ಪತ್ರೆಗಳಿಗೆ ತಲುಪಲಾರದೆ ರೋಗಿಗಳು ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ವಾರಗಳಲ್ಲಿ ದುಬಾಯಿಗಿಂತ ಮಂಗಳೂರೇ ನಮಗೆ ದೂರವಾಗಿತ್ತು.

ನನ್ನ ಪ್ರಯಾಣದ ಸುದ್ದಿ ತಿಳಿದು ನೆರೆಯ ಹಿರಿಯ ಬ್ಯಾರಿಯೊಬ್ಬರು ನೋಡಲು ಬಂದರು. 1970ರ ದಶಕದಲ್ಲಿ ಅವರು ಮುಂಬಯಿಯಿಂದ 'ದ್ವಾರಕಾ' ಎಂಬ ಹಡಗಿನಲ್ಲಿ ಕೊಲ್ಲಿಗೆ ಹೋದವರು. 1982ರವರೆಗೂ ಓಡುತ್ತಿದ್ದ ಆ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ಬಂದರಿನಿಂದ ಬಂದರಿಗೆ ದಿನಗಳನ್ನೆಣಿಸುತ್ತ ಹೋದ ಕಥೆಯನ್ನು ಅವರು ಹೇಳಿದರು. ಊರು ಬಿಟ್ಟ ಮೇಲೆ ಮೊದಲ ಕಾಗದ ತಲುಪುವವರೆಗೆ ಮನೆಯವರಿಗೆ ಮಗ ಬದುಕಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮುಂದೆ ಟೇಪ್‌ರೆಕಾರ್ಡರ್ ಬಂದ ಬಳಿಕ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರಂತೆ. "ಅಮ್ಮನ ಕ್ಯಾಸೆಟ್ಟಿನಲ್ಲಿ ನಮ್ಮ ಮನೆಯ ಕೋಳಿ ಕೂಗಿದ್ದು ಕೇಳಿಸಿತು, ಟೀಚರೇ. ಅಮ್ಮ ಮಾತನಾಡಿದಾಗ ಅಳು ಬರಲಿಲ್ಲ, ಕೋಳಿ ಕೂಗಿದಾಗ ಬಂತು" ಎಂದರು. ಹೊರಡುವಾಗ ಅವರಿತ್ತ ಸಲಹೆ ಒಂದೇ: ಫೋನನ್ನು ನಂಬಬೇಡಿ, ಅದರ ಬ್ಯಾಟರಿ ಮುಗಿಯುತ್ತದೆ, ಮಗಳ ವಿಳಾಸ, ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದು ರವಿಕೆಯೊಳಗೆ ಇಟ್ಟುಕೊಳ್ಳಿ. ಇದಕ್ಕಿಂತ ಉಪಯುಕ್ತವಾದ ಸಲಹೆಯನ್ನು ನನಗೆ ಇನ್ನಾರೂ ಕೊಡಲಿಲ್ಲ.

ಇನ್ನು ಗಂಟುಮೂಟೆಯ ಪ್ರಕರಣ. ಬಾಣಂತಿಗೆಂದು ಹೊರಟ ತಾಯಿ ಬರಿಗೈಯಲ್ಲಿ ಹೋಗುವುದುಂಟೆ? ಲೇಹ, ಅಂಟಿನುಂಡೆ, ಮೆಣಸುಕಾಳು, ಓಮ, ಶುಂಠಿಪುಡಿ, ಬಜೆ, ಎಳ್ಳೆಣ್ಣೆ, ಮಗುವಿಗೆ ಹಳೆಯ ಮೆತ್ತನೆಯ ಬಟ್ಟೆ ಎಂದು ಒಟ್ಟುಮಾಡುತ್ತ ಹೋದಂತೆ ಪೆಟ್ಟಿಗೆ ಅಕ್ಷಯಪಾತ್ರೆಯ ವಿರುದ್ಧವಾಯಿತು: ಎಷ್ಟು ತೆಗೆದರೂ ಇನ್ನೂ ಹೆಚ್ಚು. ಅಂಟಿನುಂಡೆಯನ್ನು ನಾನೇ ಎರಡು ದಿನ ಕುಳಿತು ಕಟ್ಟಿದ್ದೆ. ಎಪ್ಪತ್ತೆರಡು ಉಂಡೆಗಳು. ಅವನ್ನು ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿ, ಮಗಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ.

"ಅಮ್ಮಾ, ಅದಕ್ಕೆ ಗಸಗಸೆ ಹಾಕಿದ್ದೀಯಾ?"

ಗಸಗಸೆ ಹಾಕದೆ ಅಂಟಿನುಂಡೆಯೆಲ್ಲಿಂದ? ಹಾಕಿದ್ದೇನೆ, ಧಾರಾಳವಾಗಿ ಹಾಕಿದ್ದೇನೆ ಎಂದೆ. ಅವಳು ಹೆದರಿಬಿಟ್ಟಳು. ಅಫೀಮಿನ ಗಿಡದ್ದೇ ಬೀಜವಾದ ಗಸಗಸೆ ಅಲ್ಲಿ ನಿಷಿದ್ಧ ವಸ್ತು. ಚಿಟಿಕೆಯಷ್ಟು ಸಿಕ್ಕಿದರೂ ಮಾದಕದ್ರವ್ಯದ ಕಾನೂನಿನಡಿ ಸೆರೆಮನೆಯ ಮಾತು. ನಮ್ಮ ಹಬ್ಬದೂಟದ ಪಾಯಸಕ್ಕೆ ಬೀಳುವ ಈ ಸಾಧುವಾದ ಕಾಳು ಕಡಲಾಚೆ ಇಂತಹ ದುಷ್ಟನಾಗಿರುವುದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಉಂಡೆಯನ್ನು ಮುರಿದು ನೋಡಿದೆ. ಬಿಳಿಯ ಚುಕ್ಕೆಗಳು ನಕ್ಷತ್ರಗಳಂತೆ ಹೊಳೆದವು. ಅವನ್ನು ಹೆಕ್ಕಿ ತೆಗೆಯುವುದು ಬ್ರಹ್ಮನಿಂದಲೂ ಆಗದ ಕೆಲಸ. ಎಪ್ಪತ್ತೆರಡನ್ನೂ ನೆರೆಮನೆಗಳಿಗೆ ಹಂಚಿದೆ. ನಮ್ಮ ಓಣಿಯ ಗಂಡಸರೂ ಮುದುಕಿಯರೂ ಶಾಲೆಯ ಮಕ್ಕಳೂ ಆ ವಾರ ಬಾಣಂತಿಯ ಉಂಡೆ ತಿಂದು ಪುಷ್ಟರಾದರು. ಮತ್ತೆ ಹೊಸ ಬಾಣಲೆಯಲ್ಲಿ, ಹೊಸ ಡಬ್ಬಿಯಲ್ಲಿ, ಹಳೆಯದರ ಒಂದು ಕಣವೂ ಸೋಂಕದಂತೆ ಮಡಿಯಿಂದ ಇನ್ನೊಮ್ಮೆ ಕಟ್ಟಿದೆ. ಹಾಗೆಯೇ ಕೊಬ್ಬರಿಯನ್ನೂ ಹೊರತೆಗೆಯಬೇಕಾಯಿತು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳುವ ಅಪಾಯವಿರುವುದರಿಂದ ವಿಮಾನದ ಸಾಮಾನಿನಲ್ಲಿ ಅದಕ್ಕೆ ಪ್ರವೇಶವಿಲ್ಲ. ನನ್ನ ರಕ್ತದೊತ್ತಡದ ಮಾತ್ರೆಗಳಿಗೆ ವೈದ್ಯರ ಚೀಟಿಯನ್ನು ಪಡೆದುಕೊಂಡೆ. ಕೆಮ್ಮಿನ ಔಷಧಿಯೊಂದರಲ್ಲಿ ಕೊಡೀನ್ ಇದೆಯೆಂದು ಔಷಧಿ ಅಂಗಡಿಯ ಹುಡುಗಿ ತೋರಿಸಿದಾಗ, ಅದನ್ನು ಮನೆಯಲ್ಲೇ ಬಿಟ್ಟು ಒಂದಿಷ್ಟು ಒಣಶುಂಠಿಯನ್ನು ಹೆಚ್ಚು ಕಟ್ಟಿಕೊಂಡೆ.

ಇಷ್ಟರಲ್ಲಿ ಯಾರೂ ಬಾಯಿಬಿಟ್ಟು ಹೇಳದೆ, ಎಲ್ಲರ ಕಣ್ಣಿನಲ್ಲೂ ಕಾಣುತ್ತಿದ್ದ ಮಾತೊಂದಿತ್ತು. 2010ರ ಮೇ 22ರ ಮುಂಜಾನೆ ದುಬಾಯಿಯಿಂದ ಬಂದ ವಿಮಾನ ನಮ್ಮ ಬಜ್ಪೆಯ ಗುಡ್ಡದ ಅಂಚಿನಿಂದ ಕೆಳಗುರುಳಿ 158 ಜನ ಮಡಿದರು. ಬದುಕಿದವರು 8 ಮಂದಿ. ಮಡಿದವರಲ್ಲಿ ನಮ್ಮ ಜಿಲ್ಲೆಯವರು ಅನೇಕರು. ನಾನು ಏರಬೇಕಾದ ನಿಲ್ದಾಣ ಅದೇ; ಹೋಗಬೇಕಾದ ಊರೂ ಅದೇ. ದಿನನಿತ್ಯ ಅಲ್ಲಿ ವಿಮಾನಗಳು ಏರುತ್ತವೆ, ಇಳಿಯುತ್ತವೆ, ರಸ್ತೆಯಲ್ಲಿ ಸಾಯುವವರೇ ಹೆಚ್ಚು ಎಂದು ಬುದ್ಧಿ ಹೇಳುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಬುದ್ಧಿಯ ಮಾತನ್ನು ಯಾರು ಕೇಳುತ್ತಾರೆ? ಒಂದು ರಾತ್ರಿ ಎದ್ದು ಕುಳಿತು, ನನಗೇನಾದರೂ ಆದರೆ ಯಾವ ಕಾಗದ ಎಲ್ಲಿದೆ, ಹಾಲಿನವನಿಗೆ ಎಷ್ಟು ಬಾಕಿ, ದನವನ್ನು ಯಾರಿಗೆ ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟೆ. ವಿಚಿತ್ರವೆಂದರೆ, ಅದನ್ನು ಬರೆದ ಮೇಲೆ ನಿದ್ದೆ ಬಂದಿತು. ಆ ಹಾಳೆಯನ್ನು ಯಜಮಾನರ ಪಾಸ್‌ಪೋರ್ಟಿನೊಳಗೇ ಇಟ್ಟೆ. ಆ ಪುಸ್ತಕಕ್ಕೆ ಒಂದು ಕೆಲಸವಾದರೂ ಸಿಕ್ಕಿತು.

ಭಯವೆಂಬುದು ಏನು, ನಿರೀಕ್ಷೆಯೆಂಬುದು ಏನು ಎಂಬುದನ್ನು ಬೇರ್ಪಡಿಸಿ ಹೇಳಲು ಆ ಕೊನೆಯ ದಿನಗಳಲ್ಲಿ ನನ್ನಿಂದಾಗುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಒಣಗುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಮದುವೆಯ ಹಿಂದಿನ ದಿನವೂ ಹೀಗೆಯೇ ಆಗಿತ್ತೆಂಬುದು ನೆನಪಿಗೆ ಬಂದಿತು. ಶಾಲೆಯಲ್ಲಿ ಮೊದಲ ಪಾಠ ಮಾಡಿದ ಬೆಳಗ್ಗೆಯೂ ಹೀಗೆಯೇ. ಶರೀರಕ್ಕೆ ಇರುವುದು ಒಂದೇ ಚೆಂಡೆ. ಅದು ಯಾವ ಪ್ರಸಂಗಕ್ಕೆ ಬಾರಿಸುತ್ತಿದೆಯೆಂಬುದನ್ನು ನಾವೇ ಊಹಿಸಿಕೊಳ್ಳಬೇಕು.

2023ರ ನವೆಂಬರಿನ ಆ ದಿನ ಸಂಜೆಯ ವಿಮಾನಕ್ಕೆ ಬೆಳಗ್ಗೆ ಹನ್ನೊಂದಕ್ಕೇ ಮನೆಯಿಂದ ಹೊರಟೆ. ಮೂರು ಗಂಟೆ ಮೊದಲು ಬಂದರೆ ಸಾಕೆಂದು ಎಲ್ಲರೂ ಹೇಳಿದ್ದರು. ಬೇಗ ಹೋಗಿ ಕುಳಿತುಕೊಳ್ಳುವುದರಲ್ಲಿ ನಷ್ಟವೇನು? ಮೈದುನನ ಮಗ ಬಾಗಿಲಿನವರೆಗೆ ಬಂದನು. ಟಿಕೇಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲಿನ ಸಿಪಾಯಿಯ ಮುಂದೆ ಪಾಸ್‌ಪೋರ್ಟನ್ನು ಹಿಡಿದ ಆ ಗಳಿಗೆಯೇ, ನಿಜವಾಗಿ ನೋಡಿದರೆ, ನಾನು ಒಬ್ಬಳಾದ ಗಳಿಗೆ. ಹಿಂದಿರುಗಿ ನೋಡಿದರೆ ಹುಡುಗ ಗಾಜಿನಾಚೆ ಕೈಬೀಸುತ್ತಿದ್ದನು. ಅವನ ಮಾತು ಕೇಳಿಸುತ್ತಿರಲಿಲ್ಲ.

ಪೆಟ್ಟಿಗೆ ತೂಗಿಸುವುದು, ಆಸನದ ಚೀಟಿ ಪಡೆಯುವುದು, ವಲಸೆ ಅಧಿಕಾರಿಯ ಮುಂದೆ ನಿಲ್ಲುವುದು, ಕೈಚೀಲವನ್ನು ಯಂತ್ರದೊಳಗೆ ತೂರಿಸುವುದು ಇವೆಲ್ಲ ಸಾಲಿನಲ್ಲಿ ಮುಂದಿರುವವರನ್ನು ನೋಡಿ ಮಾಡಿದರಾಯಿತು. ಎಲ್ಲಿಗೆ ಹೋಗುತ್ತೀರಿ, ಯಾರಿದ್ದಾರೆ, ಎಂದು ಹಿಂದಿರುಗುತ್ತೀರಿ ಎಂಬ ಮೂರು ಪ್ರಶ್ನೆಗಳು. ಮೂರಕ್ಕೂ ನಾನು ಮೂರು ವಾರದಿಂದ ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ ಮಾಡಿದ್ದೆ. ಅಧಿಕಾರಿ ಕೇಳಿದ್ದು ಕನ್ನಡದಲ್ಲಿ. ಗಾಬರಿಯಿಂದ ನಾನು ಇಂಗ್ಲಿಷಿನಲ್ಲೇ ಉತ್ತರಿಸಿದೆ! ಆತ ನಕ್ಕು ಮುದ್ರೆಯೊತ್ತಿದನು. ಕೈಚೀಲದಲ್ಲಿದ್ದ ತೆಂಗಿನೆಣ್ಣೆಯ ಸೀಸೆ ಮಾತ್ರ ಅಲ್ಲೇ ಉಳಿಯಿತು. 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿ ಯಾವ ದ್ರವವನ್ನೂ ಕೈಯಲ್ಲಿ ಒಯ್ಯುವಂತಿಲ್ಲವೆಂಬುದನ್ನು ಹತ್ತು ಜನ ಹೇಳಿದ್ದರೂ ಮರೆತಿದ್ದೆ.

ಒಳಗಿನ ಕುರ್ಚಿಗಳಲ್ಲಿ ಕುಳಿತಾಗ ಪಕ್ಕದಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಕುಳಿತಿದ್ದನು. ಹೊಸ ಅಂಗಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಅವನ ಮೊಣಕಾಲು ಒಂದೇ ಸಮನೆ ನಡುಗುತ್ತಿತ್ತು. ಯಾವ ಊರೆಂದು ಕೇಳಿದೆ. ಅವನಿಗೆ ಕನ್ನಡ ತಿಳಿಯದು. ಪಯ್ಯನ್ನೂರಿನ ಕಡೆಯವನು. ಮಲಯಾಳದಲ್ಲಿ ಕೇಳಿದಾಗ ಮುಖವರಳಿತು. ಅಂಗಡಿಯೊಂದರಲ್ಲಿ ಕೆಲಸ, ಮೊದಲ ಪ್ರಯಾಣ, ಅವನೂ ಒಬ್ಬನೇ. ಕಚೇರಿಯ ಮೇಜಿನ ಮುಂದೆ ಒಲ್ಲದ ಮನಸ್ಸಿನಿಂದ ಬರೆದ ಆ ಭಾಷೆ ಇಲ್ಲಿ ನನ್ನ ಬಾಯಿಂದ ಎಷ್ಟು ಸರಾಗವಾಗಿ ಬಂದಿತೆಂದರೆ, ನನಗೇ ಆಶ್ಚರ್ಯವಾಯಿತು. ಇಳಿದ ಮೇಲೆ ದುಬಾಯಿಯ ನಿಲ್ದಾಣದಲ್ಲಿಯೂ ದಾರಿ ತೋರಿದವನು, ಪೆಟ್ಟಿಗೆ ಎತ್ತಿಕೊಟ್ಟವನು ಇಬ್ಬರೂ ಮಲಯಾಳಿಗಳೇ. ನನ್ನ ಇಂಗ್ಲಿಷ್ ಬಾಯಿಪಾಠ ಪೂರ್ತಿ ವ್ಯರ್ಥವಾಯಿತು.

ಹುಡುಗನು ಮೆಲ್ಲನೆ, "ಟೀಚರೇ, ನಿಮಗೆ ಹೆದರಿಕೆಯಾಗುವುದಿಲ್ಲವೆ?" ಎಂದನು. ನಾನು ಟೀಚರೆಂದು ಅವನಿಗೆ ಹೇಳಿರಲೇ ಇಲ್ಲ. ಮುಖದಲ್ಲಿ ಬರೆದಿರುತ್ತದೆಯೋ ಏನೋ! ಆಗುತ್ತದೆ ಎಂದೆ. ಕೈಚೀಲದಿಂದ ಡಬ್ಬಿ ತೆಗೆದು, ಗಸಗಸೆಯಿಲ್ಲದ ಅಂಟಿನುಂಡೆಯೊಂದನ್ನು ಅವನ ಕೈಗಿಟ್ಟೆ. ಒಂದನ್ನು ನಾನೂ ತೆಗೆದುಕೊಂಡೆ. ಬೆಳಗಿನಿಂದ ನಾನು ತಿಂದ ಮೊದಲ ತುತ್ತು ಅದು. ರುಚಿಯೇನೋ ಒಂದಿಷ್ಟು ಕಡಮೆಯೇ ಆಗಿತ್ತು. ಅಷ್ಟರಲ್ಲಿ ನಮ್ಮ ವಿಮಾನದ ಹೆಸರು ಕೂಗಿದರು. ಹುಡುಗನು ಕೈಯೊರೆಸಿಕೊಂಡು ಎದ್ದು, ನನ್ನ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡನು.